2029ಕ್ಕೆ ಲೋಕ ಮುಗಿಯುತ್ತಾ? ತಾರೀಖು ಕೇಳಿದವರಿಗೆ ಉತ್ತರ

ಪ್ರಶ್ನೆ: 2029ರ ಏಪ್ರಿಲ್ 13, ಶುಕ್ರವಾರ, ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಗೆ ಬಡಿದು ಎಲ್ಲ ಮುಗಿಯುತ್ತದೆ ಎಂಬ ವೀಡಿಯೊ ನಮ್ಮ ಮನೆಯವರ ಫೋನ್‌ಗಳಲ್ಲೆಲ್ಲ ಓಡಾಡುತ್ತಿದೆ. ಹತ್ತನೇ ತರಗತಿಯ ಮಗ ‘ಹಾಗಾದ್ರೆ ಓದಿ ಏನು ಪ್ರಯೋಜನ’ ಅನ್ನುತ್ತಾನೆ. ತಮಾಷೆಗೆ ಅನ್ನುತ್ತಾನೋ ನಿಜಕ್ಕೂ ಹೆದರಿದ್ದಾನೋ ಗೊತ್ತಾಗುತ್ತಿಲ್ಲ. ಈ ಸುದ್ದಿ ನಿಜವಾ? ಅಲ್ಲದಿದ್ದರೆ ಪ್ರಪಂಚ ಯಾವಾಗ, ಹೇಗೆ ಮುಗಿಯಬಹುದು? ವಿಜ್ಞಾನಿಗಳು ಗೊತ್ತಿದ್ದೂ ಮುಚ್ಚಿಡುತ್ತಾರೆ ಅನ್ನುವುದು ಸರಿಯಾ?

ಉತ್ತರ: ಮೊದಲು ಮಗನಿಗೆ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಅವತ್ತು ಅಪೋಫಿಸ್ ಬರುವುದು ನಿಜ, ಬಡಿಯುವುದು ಸುಳ್ಳು. ಅದು ನೆಲದಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದು ಹೋಗುತ್ತದೆ. ಟಿವಿ ಪ್ರಸಾರದ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಂದರೆ ಅವುಗಳಿಗಿಂತಲೂ ಒಳಗೆ ನುಸುಳಿ ಹೋಗುತ್ತದೆ. 340 ಮೀಟರ್ ಆಸುಪಾಸಿನ ಕಲ್ಲು ಇಷ್ಟು ಹತ್ತಿರ ಬರುವುದು ತೀರಾ ಅಪರೂಪ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದಲ್ಲಿ ಇರುವವರಿಗೆ ಅದು ಬರಿಗಣ್ಣಿಗೇ ಕಾಣುತ್ತದೆ, ಒಂದು ಚುಕ್ಕೆ ನಿಧಾನಕ್ಕೆ ಸರಿದು ಹೋದ ಹಾಗೆ. ಹೆದರುವ ಬದಲು ಅಲಾರಾಂ ಇಟ್ಟು ನೋಡುವಂಥ ಸಂಗತಿ ಇದು.

ಹೆದರಿಕೆ ಹುಟ್ಟಿದ್ದು 2004ರಲ್ಲಿ. ಆ ವರ್ಷ ಜೂನ್‌ನಲ್ಲಿ ಈ ಕಲ್ಲು ಸಿಕ್ಕಿತು. ಡಿಸೆಂಬರ್ ಕೊನೆಯ ಹೊತ್ತಿಗೆ, 2029ರಲ್ಲಿ ಇದು ಭೂಮಿಗೆ ಬಡಿಯುವ ಸಾಧ್ಯತೆ ಶೇ. 2.7 ಎಂಬ ಲೆಕ್ಕ ಬಂತು. ಇದು ನಿಜಕ್ಕೂ ಜಾಸ್ತಿಯೇ. ಆದರೆ ಕೆಲವೇ ದಿನಗಳಲ್ಲಿ ಅದೇ ವರ್ಷದ ಮಾರ್ಚ್‌ನ ಹಳೆಯ ಫೋಟೋಗಳಲ್ಲೂ ಕಲ್ಲು ಪತ್ತೆಯಾಯಿತು, ಕಕ್ಷೆ ಇನ್ನಷ್ಟು ನಿಖರವಾಯಿತು, 2029ರ ಅಪಾಯ ಹೋಯಿತು. 2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ರೇಡಾರ್ ಅಳೆದ ಮೇಲೆ, ಮುಂದಿನ 100 ವರ್ಷಗಳಲ್ಲೂ ಅಪೋಫಿಸ್‌ನಿಂದ ಭಯವಿಲ್ಲ ಎಂದು ನಾಸಾ ಹೇಳಿತು. ವೀಡಿಯೊ ಮಾಡುವವರು 2004ರ ಡಿಸೆಂಬರ್‌ನಲ್ಲೇ ನಿಂತುಬಿಟ್ಟಿದ್ದಾರೆ. ಹೆಸರಿಟ್ಟವರೂ ಸ್ವಲ್ಪ ಯೋಚಿಸಬಹುದಿತ್ತು. ಅಪೋಫಿಸ್ ಅಂದರೆ ಹಳೆಯ ಈಜಿಪ್ಟ್ ಕಥೆಗಳಲ್ಲಿ ಸೂರ್ಯನನ್ನು ನುಂಗಲು ಬರುವ ಸರ್ಪ. ಸಾಧು ಹೆಸರೊಂದು ಇಟ್ಟಿದ್ದರೆ ಅರ್ಧ ವೀಡಿಯೊಗಳು ಹುಟ್ಟುತ್ತಲೇ ಇರಲಿಲ್ಲ.

ಇಲ್ಲೊಂದು ವಿಷಯ ನಿಮ್ಮ ಮಗನಿಗೆ ಬಿಡಿಸಿ ಹೇಳಿದರೆ ಒಳ್ಳೆಯದು. ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತದೆ. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿನ ದೂರದರ್ಶಕವೊಂದಕ್ಕೆ 2024 ವೈಆರ್4 ಎಂಬ ಕಲ್ಲು ಸಿಕ್ಕಿತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ಶೇ. 1 ಇತ್ತು. 2025ರ ಫೆಬ್ರವರಿ 18ರ ಹೊತ್ತಿಗೆ ಶೇ. 3.1ಕ್ಕೆ ಏರಿತು. ಒಂದು ವಾರದಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ‘ಏರ್ತಾ ಇತ್ತು, ಯಾರೋ ಒತ್ತಡ ಹಾಕಿ ಇಳಿಸಿದ್ರು’ ಎಂದು ಜನ ಆಡಿಕೊಂಡರು. ನಡೆದದ್ದು ಬೇರೆ. ಹೊಸದಾಗಿ ಸಿಕ್ಕ ಕಲ್ಲಿನ ದಾರಿ ಪೂರ್ತಿ ಗೊತ್ತಿರುವುದಿಲ್ಲ. 2032ರ ಆ ದಿನ ಅದು ಎಲ್ಲೆಲ್ಲಿ ಇರಬಹುದು ಎಂದು ಗುರುತು ಹಾಕಿದರೆ ಲಕ್ಷಾಂತರ ಕಿ.ಮೀ. ಉದ್ದದ ಗೆರೆ ಆಗುತ್ತದೆ. ಆ ಗೆರೆಯ ಮೇಲೆ ಭೂಮಿ ಒಂದು ಚುಕ್ಕೆ. ಹೊಸ ಅಳತೆ ಸಿಕ್ಕಂತೆಲ್ಲ ಗೆರೆ ಎರಡೂ ತುದಿಯಿಂದ ಮೊಟಕಾಗುತ್ತದೆ. ಭೂಮಿ ಇನ್ನೂ ಗೆರೆಯ ಮೇಲೇ ಇದ್ದರೆ, ಮೊಟಕಾದ ಗೆರೆಯಲ್ಲಿ ಭೂಮಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಶೇಕಡಾವಾರು ಏರುವುದು ಇದಕ್ಕೇ. ಕೊನೆಗೆ ಗೆರೆಯ ತುದಿ ಭೂಮಿಯನ್ನು ಬಿಟ್ಟು ಆಚೆ ಸರಿಯುತ್ತದೆ, ಸಾಧ್ಯತೆ ಧಡಕ್ಕನೆ ಬೀಳುತ್ತದೆ. ಅಳತೆ ಸರಿಯಾಗಿ ನಡೆಯುತ್ತಿದೆ ಅನ್ನುವುದಕ್ಕೆ ಈ ಏರಿಳಿತವೇ ಸಾಕ್ಷಿ. ಮುಂದಿನ ಸಲವೂ ಹೀಗೇ ಆಗುತ್ತದೆ, ಅವನು ಈಗಲೇ ತಿಳಿದಿಟ್ಟುಕೊಳ್ಳಲಿ.

ಹಾಗಂತ ಆಕಾಶದಿಂದ ಅಪಾಯವೇ ಇಲ್ಲ ಅಂತಲ್ಲ. 2013ರ ಫೆಬ್ರವರಿ 15ರಂದು ವಿಜ್ಞಾನಿಗಳೆಲ್ಲ ಮೊದಲೇ ಗೊತ್ತಿದ್ದ ಒಂದು ಕ್ಷುದ್ರಗ್ರಹ ಹತ್ತಿರದಿಂದ ಹಾದು ಹೋಗುವುದನ್ನು ಕಾಯುತ್ತಿದ್ದರು. ಅದೇ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಬೇರೆಯೇ ಒಂದು ಕಲ್ಲು ಸಿಡಿಯಿತು. ಅಡ್ಡಳತೆ ಬರೀ 20 ಮೀಟರ್. ಸೂರ್ಯ ಇರುವ ದಿಕ್ಕಿನಿಂದ ಬಂದಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊದಲು ಬೆಳಕು ಬಂತು. ಇದೇನು ಎಂದು ಜನ ಕಿಟಕಿಗೆ ಓಡಿದರು. ಒಂದೆರಡು ನಿಮಿಷ ಕಳೆದು ಸ್ಫೋಟದ ಅಲೆ ಬಂದು ಗಾಜು ಒಡೆಯಿತು. ಸುಮಾರು 1,500 ಜನಕ್ಕೆ ಗಾಯ, ಹೆಚ್ಚಿನವರಿಗೆ ಗಾಜಿನ ಚೂರಿನಿಂದಲೇ. ಆಕಾಶದಲ್ಲಿ ಕಣ್ಣು ಕುಕ್ಕುವ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಬೇಕು. ಈ ಇಡೀ ಉತ್ತರದಲ್ಲಿ ಕೈಗೆ ಹತ್ತುವ ಸಲಹೆ ಇದೊಂದೇ ಇರಬೇಕು.

ನಾಗರಿಕತೆಯನ್ನೇ ಅಲ್ಲಾಡಿಸುವುದಕ್ಕೆ ಕಲ್ಲು ಒಂದು ಕಿ.ಮೀ. ಅಥವಾ ಅದಕ್ಕಿಂತ ದೊಡ್ಡದಿರಬೇಕು. ಭೂಮಿಯ ಹತ್ತಿರ ಸುಳಿಯುವ ಆ ಗಾತ್ರದ ಕಲ್ಲುಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಈಗಾಗಲೇ ಪತ್ತೆಯಾಗಿವೆ. ಮುಂದಿನ ನೂರು ವರ್ಷ ಅವುಗಳಿಂದ ತೊಂದರೆ ಕಾಣುತ್ತಿಲ್ಲ. ನನಗೆ ಚಿಂತೆ ಇರುವುದು ನಡುವಿನ ಗಾತ್ರದವುಗಳ ಬಗ್ಗೆ. 140 ಮೀಟರ್‌ಗಿಂತ ದೊಡ್ಡವುಗಳಲ್ಲಿ ಅರ್ಧದಷ್ಟೂ ಇನ್ನೂ ಸಿಕ್ಕಿಲ್ಲ. ಅಂಥದ್ದು ಬಿದ್ದರೆ ಒಂದು ದೊಡ್ಡ ನಗರ ಉಳಿಯುವುದಿಲ್ಲ, ಲೋಕ ಉಳಿಯುತ್ತದೆ. ಮೊದಲೇ ಗೊತ್ತಾದರೆ ತಪ್ಪಿಸುವ ದಾರಿಯೂ ಇದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, 160 ಮೀಟರ್‌ನ ಡೈಮಾರ್ಫಸ್ ಎಂಬ ಕಲ್ಲಿಗೆ ಬೇಕಂತಲೇ ಹೋಗಿ ಗುದ್ದಿತು. ತನ್ನ ಜೋಡಿ ಕಲ್ಲನ್ನು ಸುತ್ತಲು ಡೈಮಾರ್ಫಸ್ 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. ಗುದ್ದಿದ ಮೇಲೆ ಆ ಸಮಯ ಅರ್ಧ ಗಂಟೆಗಿಂತಲೂ ಜಾಸ್ತಿ ಇಳಿಯಿತು. ಆಕಾಶಕಾಯವೊಂದರ ದಾರಿಯನ್ನು ಮನುಷ್ಯ ಬೇಕೆಂದೇ ಬದಲಿಸಿದ್ದು ಅದೇ ಮೊದಲು.

ಇನ್ನು ಡೈನೋಸಾರ್‌ಗಳನ್ನು ಮುಗಿಸಿದ ಕಲ್ಲು. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಯುಕಟಾನ್ ಕರಾವಳಿಯಲ್ಲಿ ಬಿತ್ತು. ಅಡ್ಡಳತೆ ಸುಮಾರು 10 ಕಿ.ಮೀ., ಅದು ತೋಡಿದ ಕುಳಿ ಸುಮಾರು 180 ಕಿ.ಮೀ. ಅಗಲ. ಭೂಮಿಯ ಮೇಲಿನ ಜೀವಜಾತಿಗಳಲ್ಲಿ ಮುಕ್ಕಾಲು ಪಾಲು ಅಳಿದುಹೋದವು. ಆದರೆ ಅಷ್ಟು ಜೀವಿಗಳು ಸತ್ತಿದ್ದು ಕಲ್ಲಿನ ಏಟಿಗಲ್ಲ. ಏಟು ಬಿದ್ದದ್ದು ಒಂದು ಕಡೆ. ಎದ್ದ ದೂಳು, ಗಂಧಕ, ಕಾಡು ಹೊತ್ತಿ ಉರಿದ ಮಸಿ ಎಲ್ಲ ಮೇಲೆ ಹೋಗಿ ಬಿಸಿಲನ್ನೇ ಮುಚ್ಚಿಬಿಟ್ಟವು. ಗಿಡ ಬೆಳೆಯಲಿಲ್ಲ, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇದನ್ನು ನೆನಪಿಡಿ. ಕತ್ತಲೆ ಮತ್ತು ಹಸಿವು, ಕೊಲ್ಲುವುದು ಇವೆರಡೇ. ಜ್ವಾಲಾಮುಖಿಯದೂ ಇದೇ ದಾರಿ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿಯಿತು. ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ. ಜೂನ್‌ನಲ್ಲಿ ಹಿಮ ಬಿತ್ತು, ಬೆಳೆ ಕೈಕೊಟ್ಟಿತು, ಜನ ಹಸಿವಿನಿಂದ ಸತ್ತರು. ಇದು ಒಂದೇ ಒಂದು ಬೆಟ್ಟದ ಕೆಲಸ.

ಈಗ ನಿಜವಾಗಿ ನಿದ್ದೆ ಕೆಡಿಸುವ ಭಾಗಕ್ಕೆ ಬರುತ್ತೇನೆ. ಆ ಕತ್ತಲೆಯನ್ನು ತರಲು ಈಗ ಕಲ್ಲೂ ಬೇಡ, ಜ್ವಾಲಾಮುಖಿಯೂ ಬೇಡ. ಜಗತ್ತಿನಲ್ಲಿ ಇವತ್ತು ಸುಮಾರು 12,000 ಅಣ್ವಸ್ತ್ರ ಸಿಡಿತಲೆಗಳಿವೆ. 1980ರ ದಶಕದ ನಡುವೆ ಇದ್ದದ್ದು ಸುಮಾರು 70,000. ಕಡಿಮೆ ಆಗಿದೆ, ನಿಜ, ಆದರೆ ಉಳಿದಿರುವುದೇ ಧಾರಾಳ. ನಗರಗಳು ಉರಿದರೆ ಮಸಿ ಮೋಡಗಳಿಗಿಂತಲೂ ಮೇಲಕ್ಕೆ ಹೋಗುತ್ತದೆ. ಅಲ್ಲಿ ಮಳೆ ಇಲ್ಲ, ತೊಳೆದು ಹಾಕುವವರಿಲ್ಲ. ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ. ಅಮೆರಿಕ ಮತ್ತು ರಷ್ಯಾ ಪೂರ್ತಿ ಬಲ ಹಾಕಿ ಯುದ್ಧ ಮಾಡಿದರೆ, ಆಮೇಲಿನ ಹಸಿವಿನಿಂದಲೇ 500 ಕೋಟಿಗೂ ಹೆಚ್ಚು ಜನ ಸಾಯಬಹುದು ಎಂದು 2022ರ ಒಂದು ಅಧ್ಯಯನ ಲೆಕ್ಕ ಹಾಕಿತು. ಯುದ್ಧದಲ್ಲಿ ಒಂದೂ ಬಾಂಬ್ ಬೀಳದ ದೇಶಗಳ ಜನವೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಇದು ಎಷ್ಟು ಹತ್ತಿರ ಬಂದು ಹೋಗಿದೆ ಗೊತ್ತಾ? 1983ರ ಸೆಪ್ಟೆಂಬರ್ 26, ಮಧ್ಯರಾತ್ರಿ ಕಳೆದ ಹೊತ್ತು. ಮಾಸ್ಕೋ ಹತ್ತಿರದ ಒಂದು ಬಂಕರ್‌ನಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಪಾಳಿಯಲ್ಲಿದ್ದರು. ಅಮೆರಿಕದಿಂದ ಕ್ಷಿಪಣಿ ಹೊರಟಿದೆ ಎಂದು ಉಪಗ್ರಹ ವ್ಯವಸ್ಥೆ ಸೈರನ್ ಕೂಗಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಕೇವಲ ಮೂರು ವಾರದ ಹಿಂದೆ ಸೋವಿಯತ್ ಯುದ್ಧವಿಮಾನ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಎರಡೂ ಕಡೆ ಕೈ ಗುಂಡಿಯ ಮೇಲೇ ಇದ್ದ ಕಾಲ ಅದು. ಪೆಟ್ರೋವ್ ಯೋಚಿಸಿದರು: ಅಮೆರಿಕ ನಿಜಕ್ಕೂ ದಾಳಿ ಮಾಡುವುದಾದರೆ ನೂರಾರು ಕ್ಷಿಪಣಿ ಬಿಡುತ್ತದೆ, ಐದು ಯಾಕೆ ಬಿಡುತ್ತದೆ? ನೆಲದ ರೇಡಾರ್‌ಗಳಲ್ಲೂ ಏನೂ ಕಾಣುತ್ತಿರಲಿಲ್ಲ. ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿ ಕಾದರು. ಏನೂ ಬೀಳಲಿಲ್ಲ. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದು ತಿಳಿದಿತ್ತು. ಆ ಪಾಳಿಯಲ್ಲಿ ಪುಸ್ತಕದಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವವರು ಇದ್ದಿದ್ದರೆ ಏನಾಗುತ್ತಿತ್ತೋ. ಇದೊಂದೇ ಅಲ್ಲ. 1979ರ ನವೆಂಬರ್‌ನಲ್ಲಿ ಅಮೆರಿಕದ ಕಂಪ್ಯೂಟರ್‌ಗಳಲ್ಲಿ ತರಬೇತಿಯ ಟೇಪ್ ಓಡಿ ನಿಜವಾದ ದಾಳಿಯಂತೆ ಕಂಡಿತ್ತು. 1995ರ ಜನವರಿಯಲ್ಲಿ ನಾರ್ವೆಯಿಂದ ಹಾರಿದ, ಧ್ರುವದ ಬೆಳಕನ್ನು ಅಧ್ಯಯನ ಮಾಡುವ ರಾಕೆಟ್ ನೋಡಿ ರಷ್ಯಾದ ಅಧ್ಯಕ್ಷರ ಮುಂದೆ, ಅಣ್ವಸ್ತ್ರ ಹಾರಿಸಲು ಆದೇಶ ಕೊಡುವ ಪೆಟ್ಟಿಗೆ ತೆರೆದಿಟ್ಟಿದ್ದರು.

ಆ ಸಿಡಿತಲೆಗಳಲ್ಲಿ ಸುಮಾರು 2,000 ಈಗಲೂ ಕೆಲವೇ ನಿಮಿಷಗಳಲ್ಲಿ ಹಾರುವ ಸ್ಥಿತಿಯಲ್ಲಿವೆ. ಯಾವತ್ತು ಹಾರಬಹುದು ಎಂದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ಕಲ್ಲು, ಗ್ರಹ, ನಕ್ಷತ್ರಗಳ ವಿಷಯದಲ್ಲಿ ಮಾತ್ರ ತಾರೀಖು ಹೇಳಬಹುದು, ಯಾಕಂದರೆ ಅವು ನಿಯಮ ಬಿಟ್ಟು ನಡೆಯುವುದಿಲ್ಲ. ಆ ತಾರೀಖುಗಳೆಲ್ಲ ಬಹಳ ದೂರ ಇವೆ. ಹತ್ತಿರದ ಅಪಾಯಗಳು ಮನುಷ್ಯ ಮಾಡಿಕೊಂಡವು: ಅಣ್ವಸ್ತ್ರ, ಪ್ರಯೋಗಾಲಯದಲ್ಲಿ ತಿದ್ದಿದ ರೋಗಾಣು, ಕೈಮೀರಿದ ಕೃತಕ ಬುದ್ಧಿಮತ್ತೆ. ಅವುಗಳಿಗೆ ತಾರೀಖು ಇರುವುದಿಲ್ಲ. ಹಾಗಾಗಿ ಹತ್ತಿರದ ತಾರೀಖು ಹೇಳಿ ‘ಅವತ್ತೇ ಕೊನೆ’ ಎನ್ನುವ ಸುದ್ದಿಯನ್ನು ನಾನು ಓದುವ ಮೊದಲೇ ಅನುಮಾನಿಸುತ್ತೇನೆ. ಭೂಮಿ ಬಿಸಿಯಾಗುತ್ತಿರುವುದನ್ನು ಈ ಸಾಲಿಗೆ ಸೇರಿಸಲಿಲ್ಲ. ಅದು ಕೋಟ್ಯಂತರ ಜನರ ಬದುಕು ಕೆಡಿಸುತ್ತದೆ, ಕೆಡಿಸುತ್ತಲೂ ಇದೆ. ಆದರೆ ಮನುಷ್ಯಕುಲವನ್ನೇ ಅಳಿಸುತ್ತದೆ ಅನ್ನುವುದಕ್ಕೆ ಆಧಾರ ಕಡಿಮೆ.

ಹಿಂದೆ ಹೇಳಿದ ತಾರೀಖುಗಳ ಗತಿಯೂ ಇದನ್ನೇ ತೋರಿಸುತ್ತದೆ. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಮರಳಿ ಬರುತ್ತಾನೆ ಎಂದು ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು ಕಾದು ಕುಳಿತರು. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ವಿಷಾನಿಲ ಇದೆ ಎಂದು ಗೊತ್ತಾದಾಗ, ಧೂಮಕೇತುವಿಗೆ ಮದ್ದು ಎಂದು ಮಾತ್ರೆ ಮಾರಿದವರೂ ಇದ್ದರು. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟ. 2012ರ ಡಿಸೆಂಬರ್ 21ಕ್ಕೆ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಪಂಚಾಂಗ. ಅವತ್ತು ಮುಗಿದದ್ದು 1,44,000 ದಿನಗಳ ಒಂದು ಸುತ್ತು ಅಷ್ಟೆ, ಮರುದಿನದಿಂದ ಇನ್ನೊಂದು ಸುತ್ತು ಶುರು. ಅಂದಹಾಗೆ ಪುರಾಣದ ಲೆಕ್ಕವನ್ನೇ ಹಿಡಿದರೂ ಕಲಿಯುಗಕ್ಕೆ 4,32,000 ವರ್ಷ, ಕಳೆದಿರುವುದು 5,000 ಚಿಲ್ಲರೆ. ಅಷ್ಟರಲ್ಲಿ ನಿಮ್ಮ ಮಗನ ಪರೀಕ್ಷೆ ಮುಗಿದಿರುತ್ತದೆ.

ದೂರದ ತಾರೀಖು ಯಾವುದು? ಎಲ್ಲರೂ ‘ಸೂರ್ಯ ಆರಿಹೋದಾಗ’ ಅನ್ನುತ್ತಾರೆ. ತೊಂದರೆ ಉಲ್ಟಾ ಕಡೆಯಿಂದ ಬರುತ್ತದೆ. ಸೂರ್ಯ ದಿನೇ ದಿನೇ ಪ್ರಖರವಾಗುತ್ತಾ ಹೋಗುತ್ತಾನೆ, 100 ಕೋಟಿ ವರ್ಷಕ್ಕೆ ಸುಮಾರು ಶೇ. 10ರಷ್ಟು. ಒಡಲಿನಲ್ಲಿ ಹೈಡ್ರೋಜನ್ ಹೀಲಿಯಂ ಆದಂತೆ ನಡುಭಾಗ ಕುಗ್ಗಿ ಬಿಸಿಯಾಗುತ್ತದೆ, ಉರಿ ಜೋರಾಗುತ್ತದೆ. ಇದರ ಮೊದಲ ಪೆಟ್ಟು ಬೀಳುವುದು ಗಿಡಗಳಿಗೆ, ಅದೂ ವಿಚಿತ್ರ ರೀತಿಯಲ್ಲಿ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಂಡೆಗಳನ್ನು ಕರಗಿಸುತ್ತದೆ, ಆ ಇಂಗಾಲ ಸಮುದ್ರ ಸೇರಿ ಸುಣ್ಣಕಲ್ಲಾಗಿ ಕೂರುತ್ತದೆ. ಬಿಸಿ ಜಾಸ್ತಿಯಾದಷ್ಟೂ ಈ ಕೆಲಸ ಚುರುಕು. ಇಂಗಾಲ ಗಾಳಿಯಿಂದ ಖಾಲಿಯಾಗುತ್ತಾ ಬರುತ್ತದೆ. ಇವತ್ತು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420ಕ್ಕೂ ಹೆಚ್ಚು ಭಾಗ ಈ ಅನಿಲ. ಅದು 150ರ ಆಸುಪಾಸಿಗೆ ಇಳಿದರೆ ಹೆಚ್ಚಿನ ಮರಗಿಡಗಳಿಗೆ ಬದುಕಲು ಆಗುವುದಿಲ್ಲ. ನಾವು ಇವತ್ತು ಜಾಸ್ತಿ ಆಯಿತು ಎಂದು ಒದ್ದಾಡುವ ಅನಿಲ ಸಾಲದೆ ಆಗಿನ ಜೀವಗಳು ಸಾಯುತ್ತವೆ. ಕೆಲವು ಲೆಕ್ಕಗಳ ಪ್ರಕಾರ ಇದಕ್ಕೆ 60 ಕೋಟಿ ವರ್ಷ, ಇನ್ನು ಕೆಲವು 100 ಕೋಟಿಯನ್ನೂ ದಾಟಿಸುತ್ತವೆ.

ಆಮೇಲೆ ಸಮುದ್ರದ ಸರದಿ. ನೀರು ಆವಿಯಾಗಿ ಮೇಲೆ ಹೋಗುತ್ತದೆ, ಬಿಸಿಲಿನ ಕಿರಣಗಳು ಆ ಆವಿಯನ್ನು ಒಡೆಯುತ್ತವೆ, ಹೈಡ್ರೋಜನ್ ಆಕಾಶಕ್ಕೆ ಸೋರಿಹೋಗುತ್ತದೆ. ಹೋದ ನೀರು ಮತ್ತೆ ಬರುವುದಿಲ್ಲ. ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯ ಉಬ್ಬಲು ಶುರುಮಾಡಿ, 750 ಕೋಟಿಯ ಹೊತ್ತಿಗೆ ಇವತ್ತಿನ 200 ಪಟ್ಟಿಗಿಂತ ದೊಡ್ಡ ಕೆಂಪು ದೈತ್ಯ ಆಗುತ್ತಾನೆ. ಬುಧ, ಶುಕ್ರ ಒಳಗೆ ಹೋಗುತ್ತವೆ. ಭೂಮಿಯ ಬಗ್ಗೆ ಸ್ವಲ್ಪ ಜಗಳ ಇದೆ. ಸೂರ್ಯ ತೂಕ ಕಳೆದುಕೊಂಡಂತೆ ಭೂಮಿ ದೂರ ಸರಿಯುತ್ತದೆ, ಆದರೆ ಉಬ್ಬಿದ ಸೂರ್ಯನ ಸೆಳೆತ ಅದನ್ನು ಒಳಕ್ಕೆ ಎಳೆಯುತ್ತದೆ. ನನ್ನ ಮತ ಕೇಳಿದರೆ, ನುಂಗುತ್ತಾನೆ ಎನ್ನುವವರ ಲೆಕ್ಕ ಗಟ್ಟಿ. ತಪ್ಪಿಸಿಕೊಂಡರೂ ಉಳಿಯುವುದು ಸುಟ್ಟ ಬಂಡೆ.

ವಿಶ್ವದ ಅಂತ್ಯದ ಬಗ್ಗೆ ಎರಡೇ ಮಾತು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ತಿಳಿಯಿತು. ಹಾಗೇ ಹೋದರೆ ಲಕ್ಷ ಕೋಟಿ ವರ್ಷಗಳನ್ನು ನೂರರಿಂದ ಗುಣಿಸಿದಷ್ಟು ಕಾಲ ಕಳೆದ ಮೇಲೆ ಹೊಸ ನಕ್ಷತ್ರ ಹುಟ್ಟುವುದು ನಿಲ್ಲುತ್ತದೆ, ಎಲ್ಲ ತಣ್ಣಗಾಗುತ್ತದೆ. ಹಿಗ್ಗಿಸುವ ಶಕ್ತಿಯೇ ಕಾಲಕ್ರಮೇಣ ದುರ್ಬಲ ಆಗುತ್ತಿರಬಹುದು ಎಂಬ ಸುಳಿವು 2024, 2025ರಲ್ಲಿ ಸಿಕ್ಕಿದೆ. ಗಟ್ಟಿಯಾದರೆ ಈ ಕಥೆ ಬದಲಾಗುತ್ತದೆ.

ಏನನ್ನೂ ನೋಡದೆ ಬರೀ ತರ್ಕದಿಂದ ಅಂತ್ಯ ಹೇಳಲು ಹೊರಟವರೂ ಇದ್ದಾರೆ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಗಾಟ್ 1969ರಲ್ಲಿ ಬರ್ಲಿನ್ ಗೋಡೆ ನೋಡಲು ಹೋಗಿದ್ದರು. ಗೋಡೆಗೆ ಆಗ 8 ವರ್ಷ. ಅದರ ಆಯುಸ್ಸಿನಲ್ಲಿ ತಾನು ಬಂದ ಗಳಿಗೆ ವಿಶೇಷವಾದದ್ದೇನಲ್ಲ ಎಂದಿಟ್ಟುಕೊಂಡರೆ, ಇನ್ನು ಎರಡು ವರ್ಷ ಎಂಟು ತಿಂಗಳಿಗೂ 24 ವರ್ಷಕ್ಕೂ ನಡುವೆ ಅದು ಹೋಗುವ ಸಾಧ್ಯತೆ ಶೇ. 50 ಎಂದು ಲೆಕ್ಕ ಹಾಕಿದರು. 20 ವರ್ಷಕ್ಕೆ ಗೋಡೆ ಬಿತ್ತು. ಇದೇ ಲೆಕ್ಕವನ್ನು ಅವರು 1993ರಲ್ಲಿ ಮನುಷ್ಯಕುಲಕ್ಕೆ ಹಚ್ಚಿದರು. ನಾವು ಹುಟ್ಟಿ ಸುಮಾರು 2 ಲಕ್ಷ ವರ್ಷ ಆಗಿದ್ದರೆ, ಶೇ. 95ರ ಭರವಸೆಯಲ್ಲಿ ಹೇಳುವುದಾದರೆ ಇನ್ನು 5,100 ವರ್ಷದಿಂದ 78 ಲಕ್ಷ ವರ್ಷ. ಜಾಣ ಲೆಕ್ಕ, ಓದಲು ಖುಷಿ. ಆದರೆ ಈ ಲೆಕ್ಕಕ್ಕೆ ಪೆಟ್ರೋವ್ ಇದ್ದ ಬಂಕರ್ ಗೊತ್ತಿಲ್ಲ. ಸಿಡಿತಲೆ ಒಂದಿದ್ದರೂ ಲಕ್ಷ ಇದ್ದರೂ ಅದೇ ಉತ್ತರ ಕೊಡುತ್ತದೆ. ಅದಕ್ಕೇ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ.

ಕೊನೆಯದಾಗಿ, ಮುಚ್ಚಿಡುವ ಮಾತು. ಕ್ಷುದ್ರಗ್ರಹಗಳ ವಿಷಯದಲ್ಲಿ ಅದು ಆಗದ ಕೆಲಸ. ಜಗತ್ತಿನಾದ್ಯಂತ ಬರುವ ಅಳತೆಗಳನ್ನು ಅಮೆರಿಕದಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಒಟ್ಟುಹಾಕಿ ಎಲ್ಲರಿಗೂ ತೆರೆದಿಡುತ್ತದೆ. ಕಳಿಸುವವರಲ್ಲಿ ಸಂಬಳಕ್ಕೆ ಕೆಲಸ ಮಾಡುವ ವಿಜ್ಞಾನಿಗಳೂ ಇದ್ದಾರೆ, ಹವ್ಯಾಸಿಗಳೂ ಇದ್ದಾರೆ. ಬೇರೆ ನಕ್ಷತ್ರಲೋಕದಿಂದ ಬಂದ ಬೋರಿಸೋವ್ ಧೂಮಕೇತುವನ್ನು 2019ರಲ್ಲಿ ಕಂಡುಹಿಡಿದದ್ದು ಗೆನ್ನಾಡಿ ಬೋರಿಸೋವ್, ತಾವೇ ಕಟ್ಟಿಕೊಂಡ ದೂರದರ್ಶಕದಿಂದ. ಆಕಾಶ ಎಲ್ಲರ ತಲೆಯ ಮೇಲೂ ಇದೆ, ಒಬ್ಬರು ಬಾಯಿ ಮುಚ್ಚಿದರೆ ಇನ್ನೊಬ್ಬರು ಹೇಳುತ್ತಾರೆ. ವೈಆರ್4ರ ಶೇಕಡಾವಾರು ಏರುತ್ತಿದ್ದಾಗಲೂ ನಾಸಾ ಅದನ್ನು ಹೊಸ ಅಳತೆ ಬಂದಂತೆಲ್ಲ ಪ್ರಕಟಿಸುತ್ತಲೇ ಇತ್ತು. ನಿಮ್ಮ ಮಗನೇ ನೋಡಲಿ. ನಾಸಾದ ಜೆಪಿಎಲ್ ಸಂಸ್ಥೆಯ ಸೆಂಟ್ರಿ ಎಂಬ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅಲ್ಪಸ್ವಲ್ಪ ಅಪಾಯ ಇರುವ ಕಲ್ಲುಗಳೆಲ್ಲ ಅದರಲ್ಲಿವೆ. ಟೊರಿನೊ ಮಾಪಕದ 0ಯಿಂದ 10ರ ಅಂಕವನ್ನು ನೋಡಬೇಕು. 0 ಅಂದರೆ ಚಿಂತೆ ಬೇಡ. ಇದುವರೆಗಿನ ದಾಖಲೆ ಅಪೋಫಿಸ್ 2004ರಲ್ಲಿ ಕೆಲ ದಿನ ಮುಟ್ಟಿದ 4. ಅಪೋಫಿಸ್‌ನ ಕ್ರಮಸಂಖ್ಯೆ 99942, ಅದು ಈಗ ಆ ಪಟ್ಟಿಯಲ್ಲೇ ಇಲ್ಲ. ಮುಂದೆ ಇಂಥ ವೀಡಿಯೊ ಬಂದರೆ ಕಲ್ಲಿನ ಹೆಸರೋ ಸಂಖ್ಯೆಯೋ ಹಿಡಿದು ಅಲ್ಲಿ ಹುಡುಕಲು ಹೇಳಿ. ಹೆಸರೂ ಇಲ್ಲದೆ ‘ಒಂದು ದೈತ್ಯ ಬಂಡೆ ಬರ್ತಾ ಇದೆ’ ಎಂದಷ್ಟೇ ಇದ್ದರೆ ಸುಮ್ನೆ ಡಿಲೀಟ್ ಮಾಡಲಿ.